ಪಥ್ಯವೂ ವ್ರತವೂ: ಉಗ್ರಾದಿತ್ಯಾಚಾರ್ಯರಿಂದ ಇಂದಿನ ಮೂತ್ರಪಿಂಡ ರೋಗಿಯವರೆಗೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲಮಂಗಲ ತಾಲ್ಲೂಕಿನಲ್ಲಿ ತ್ಯಾಮಗೊಂಡ್ಲುವಿಗೆ ಸಮೀಪದಲ್ಲಿರುವ ಮಣ್ಣೆ ಇಂದು ಒಂದು ಸಾಧಾರಣ ಗ್ರಾಮ. ಗಂಗರ ಕಾಲದಲ್ಲಿ ಇದೇ ಮಾನ್ಯಪುರ. 8ನೆಯ ಶತಮಾನದಲ್ಲಿ ಶ್ರೀಪುರುಷನ ರಾಜನಿವಾಸವಾಗಿದ್ದ ನಗರ. ಗಂಗ ಮಾರಸಿಂಹನ ಸೇನಾಪತಿಯಾದ ಶ್ರೀವಿಜಯನು ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂದು ಕ್ರಿ.ಶ. 797ರ ತಾಮ್ರಶಾಸನದಿಂದ ತಿಳಿದುಬರುತ್ತದೆ. ಐದು ವರ್ಷಗಳ ತರುವಾಯ, 802ರಲ್ಲಿ, ಅದೇ ಜಿನಾಲಯಕ್ಕೆ ರಾಷ್ಟ್ರಕೂಟರ ದತ್ತಿಯೂ ದೊರೆಯಿತು. ಆಗ ಗಂಗವಾಡಿಯನ್ನು ಆಳುತ್ತಿದ್ದವನು ಮುಮ್ಮಡಿ ಗೋವಿಂದನ ಅಣ್ಣನಾದ ಕಂಬರಾಜ. ತಮ್ಮನ ಮೇಲೆ ದಂಗೆಯೆದ್ದು, ಸೋತು, ಕ್ಷಮೆ ಪಡೆದು ಮರಳಿ ಈ ನಾಡಿನ ಅಧಿಕಾರಕ್ಕೆ ಬಂದವನಾತ. ಗೋವಿಂದನ ಮಗನೇ ಅಮೋಘವರ್ಷ ನೃಪತುಂಗ. ಎಂದರೆ ಮಣ್ಣೆಯ ಬಸದಿಗೆ ದತ್ತಿ ಬಿಟ್ಟ ಕಂಬನು ನೃಪತುಂಗನಿಗೆ ದೊಡ್ಡಪ್ಪನಾಗಬೇಕು.

ಈ ಸಂಬಂಧವನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಆ ನೃಪತುಂಗನ ಆಸ್ಥಾನದಲ್ಲಿಯೇ ಜೈನ ವೈದ್ಯಶಾಸ್ತ್ರದ ಅತಿ ಮುಖ್ಯವಾದ ವಾದವೊಂದು ಮಂಡಿತವಾಯಿತು. ಮಂಡಿಸಿದವರು ಶ್ರೀನಂದಿ ಆಚಾರ್ಯರ ಶಿಷ್ಯರಾದ ಉಗ್ರಾದಿತ್ಯಾಚಾರ್ಯರು. ರಾಮಗಿರಿಯಲ್ಲಿದ್ದು ಅವರು ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು 25 ಅಧ್ಯಾಯಗಳ ಗ್ರಂಥ. ಕೊನೆಯಲ್ಲಿ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳಿವೆ. ಮಾಂಸವನ್ನು ಔಷಧವೆಂದು ಸಮರ್ಥಿಸುವ ವೈದ್ಯರೂ ವಿದ್ವಾಂಸರೂ ನೆರೆದಿದ್ದ ರಾಜಸಭೆಯಲ್ಲಿ ಅದರ ನಿಷ್ಫಲತೆಯನ್ನು ನಿರೂಪಿಸಿದ ಭಾಷಣವೇ ಹಿತಾಹಿತಾಧ್ಯಾಯ. ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆ ನಡೆಸಬಹುದೆಂಬುದು ಗ್ರಂಥದ ನಿಲುವು. ಇದು 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅಚ್ಚಾಯಿತು.

ಉಗ್ರಾದಿತ್ಯರು ಒಂಟಿಯಲ್ಲ. ತಮಗಿಂತ ಹಿಂದಿನ ಪೂಜ್ಯಪಾದರು, ಪಾತ್ರಸ್ವಾಮಿ, ಸಿದ್ಧಸೇನರು ಮುಂತಾದವರನ್ನು ಅವರು ವೈದ್ಯಾಚಾರ್ಯರೆಂದು ಸ್ಮರಿಸುತ್ತಾರೆ. ಪೂಜ್ಯಪಾದರ ವೈದ್ಯಗ್ರಂಥವನ್ನು ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವೆಂಬ ಹೆಸರಿನಲ್ಲಿ ಕನ್ನಡಕ್ಕೆ ತಂದನು. ಅಲ್ಲಿಯೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯೇ. ಅದಕ್ಕೂ ಮೊದಲು, 1025ರ ಸುಮಾರಿನಲ್ಲಿ, ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ವು ನೀರು, ಅಡುಗೆ, ಮದ್ದು ಇವನ್ನು ಒಂದೇ ಗ್ರಂಥದಲ್ಲಿ ಹೇಳಿತ್ತು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ದಲ್ಲಿ ಹಿಟ್ಟಿನ ಭಕ್ಷ್ಯ, ಪಾನಕ, ಅನ್ನಗಳ ಜೊತೆಗೆ ಬದನೆ, ಹಲಸು, ಬಾಳೆಗಳ ಪಾಕವಿಧಾನಗಳಿವೆ. ಕನ್ನಡ ಜೈನರಲ್ಲಿ ವೈದ್ಯನ ಮದ್ದಿನ ಚೀಲಕ್ಕೂ ಅಡುಗೆಯ ಒಲೆಗೂ ನಡುವಣ ದಾರಿ ಎಂದೂ ದೂರವಾಗಿರಲಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳಲ್ಲಿ ಅನ್ನವೂ ಔಷಧವೂ ಒಟ್ಟಿಗೆ ಬರುವುದು ಸರ್ವವಿದಿತ.

ಅನ್ನವೇ ಔಷಧವಾಗಬೇಕಾದ, ಅಳತೆ ತಪ್ಪಿದರೆ ಅನ್ನವೇ ಅಪಾಯವಾಗುವ ರೋಗಗಳಲ್ಲಿ ಮೂತ್ರಪಿಂಡಗಳ ದೀರ್ಘಕಾಲದ ರೋಗವು ಮುಖ್ಯವಾದುದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬೆನ್ನಿಗೆ ಇದು ಸದ್ದಿಲ್ಲದೆ ಬರುತ್ತದೆ. ಆರೋಗ್ಯವಂತನ ಎರಡು ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ಈ ಸೋಸುವಿಕೆ ಕುಂದಿದಾಗ ಉಪ್ಪು, ನೀರು, ಪೊಟ್ಯಾಸಿಯಂ, ರಂಜಕ ಇವು ದೇಹದಲ್ಲಿಯೇ ಉಳಿಯತೊಡಗುತ್ತವೆ. ಇಂಥ ರೋಗಿಯಿರುವ ಶ್ರಾವಕರ ಮನೆಯಲ್ಲಿ ಎರಡು ವಿಧದ ತಪ್ಪು ನಡೆಯುತ್ತದೆ. ವೈದ್ಯರು ಹೇಳಿದ ಪಥ್ಯವು ಧರ್ಮಕ್ಕೆ ಹೊರಗಿನದೆಂದು ಬಗೆದು ವ್ರತವನ್ನೇ ಹಿಡಿಯುವುದು ಒಂದು; ರೋಗ ಬಂದಮೇಲೆ ವ್ರತವೆಲ್ಲ ಮುಗಿಯಿತೆಂದು ಖಿನ್ನರಾಗುವುದು ಇನ್ನೊಂದು. ಪರಂಪರೆಯನ್ನು ನೋಡಿದರೆ ಎರಡಕ್ಕೂ ಆಧಾರವಿಲ್ಲ.

ಹಳೆಯ ವೈದ್ಯಗ್ರಂಥಗಳಲ್ಲಿ ಇಂದಿನ ಮೂತ್ರಪಿಂಡ ವಿಜ್ಞಾನವಿದೆಯೆಂದು ಹೇಳುವುದು ಸತ್ಯವಾಗದು. ಆಯುರ್ವೇದಕ್ಕೆ ಮೂತ್ರಕೃಚ್ಛ್ರ, ಮೂತ್ರಾಘಾತ, ಅಶ್ಮರಿ, ಪ್ರಮೇಹ, ಶೋಥಗಳು ಗೊತ್ತಿದ್ದವು; ರಕ್ತವನ್ನು ಸೋಸುವ ಅಂಗ ಕ್ರಮೇಣ ಸೋಲುವುದೇ ಒಂದು ರೋಗವೆಂಬುದು ಗೊತ್ತಿರಲಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, ಮೈ ಊದಿಕೊಂಡವರ ಮೂತ್ರವನ್ನು ಕಾಯಿಸಿದಾಗ ಅದು ಹೆಪ್ಪುಗಟ್ಟುವುದನ್ನೂ ಮೃತರ ಮೂತ್ರಪಿಂಡಗಳ ವಿಕಾರವನ್ನೂ ಜೋಡಿಸಿ ಬರೆದದ್ದು 1827ರಲ್ಲಿ. ಆದರೆ ಬಾವು ಬಂದವನಿಗೆ ಉಪ್ಪು ವರ್ಜ್ಯವೆಂಬುದು ಆಯುರ್ವೇದದ ಪುರಾತನ ವಿಧಿ. ಕಾರಣ ತಿಳಿಯದೆಯೂ ಕಾರ್ಯವನ್ನು ಸರಿಯಾಗಿ ಕಂಡುಕೊಂಡ ಉದಾಹರಣೆಯಿದು.

ಉಪ್ಪಿನ ವಿಷಯದಲ್ಲಿ ಜೈನಾಚಾರಕ್ಕೆ ಇನ್ನೊಂದು ಬಲವಿದೆ. ಆರು ಬಾಹ್ಯತಪಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ನಿಯತಕಾಲ ಬಿಡುವ ಕ್ರಮ ದಿಗಂಬರ ಮನೆಗಳಲ್ಲಿ ಇಂದಿಗೂ ಇದೆ. ಶ್ವೇತಾಂಬರರ ಆಯಂಬಿಲ ತಪದಲ್ಲಿ ರುಚಿ ಕಳೆದ ಸಪ್ಪೆ ಅಡುಗೆಯನ್ನು ಒಂದೇ ಹೊತ್ತು ಉಣ್ಣುತ್ತಾರೆ. ಅವಮೌದರ್ಯ, ಎಂದರೆ ಹಸಿವಿಗಿಂತ ಕಡಿಮೆ ಉಣ್ಣುವುದು, ಇದೇ ಸಾಲಿನ ತಪಸ್ಸು. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ವೈದ್ಯ ವಾಲ್ಟರ್ ಕೆಂಪ್ನರ್ 1940ರ ದಶಕದಲ್ಲಿ ತೀವ್ರ ರಕ್ತದೊತ್ತಡ ಹಾಗೂ ಮೂತ್ರಪಿಂಡ ರೋಗವಿದ್ದವರಿಗೆ ಅನ್ನ, ಹಣ್ಣು, ಸಕ್ಕರೆಗಳನ್ನಷ್ಟೇ ಉಪ್ಪಿಲ್ಲದೆ ಕೊಟ್ಟು ಊತವೂ ಒತ್ತಡವೂ ಇಳಿಯುವುದನ್ನು ತೋರಿಸಿದಾಗ ವೈದ್ಯಲೋಕ ಬೆರಗಾಯಿತು. ಉಪ್ಪು ಬಿಟ್ಟು ವರ್ಷಗಟ್ಟಲೆ ಬಾಳಬಹುದೆಂಬುದು ನಮ್ಮ ತ್ಯಾಗಿಗಳನ್ನು ಕಂಡವರಿಗೆ ಹೊಸ ಸುದ್ದಿಯೇನಾಗಿರಲಿಲ್ಲ.

ಕೆಂಪ್ನರನ ಪಥ್ಯವನ್ನು ಇಂದು ಯಾರೂ ಯಥಾವತ್ತಾಗಿ ಅನುಸರಿಸುವಂತಿಲ್ಲ. ದಿನಕ್ಕೆ ಸುಮಾರು 20 ಗ್ರಾಂ ಸಸಾರಜನಕದಿಂದ ದೇಹ ಸೊರಗುತ್ತದೆ. 1960ರ ದಶಕದಲ್ಲಿ ಇಟಲಿಯ ಜೋರ್ಡಾನೊ ಮತ್ತು ಜೋವನೆಟ್ಟಿ ಅಲ್ಪ ಸಸಾರಜನಕದ ಆಹಾರವನ್ನು ಮತ್ತಷ್ಟು ಕ್ರಮಬದ್ಧಗೊಳಿಸಿದರು. 1994ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಅದರ ಪ್ರಯೋಜನ ನಿರೀಕ್ಷೆಯಷ್ಟು ಸ್ಪಷ್ಟವಲ್ಲವೆಂದಿತು. 2024ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಮಧ್ಯಮಾರ್ಗ ಹಿಡಿದಿದೆ: ಡಯಾಲಿಸಿಸ್ ಹಂತಕ್ಕೆ ಬಾರದ ರೋಗಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.8 ಗ್ರಾಂ ಸಸಾರಜನಕ, ಎಂದರೆ 60 ಕಿಲೋ ತೂಕದವರಿಗೆ ದಿನಕ್ಕೆ 48 ಗ್ರಾಂ. ಉಪ್ಪು 5 ಗ್ರಾಮಿಗಿಂತ ಕಡಿಮೆ, ಒಂದು ಸಣ್ಣ ಚಮಚದಷ್ಟು. ಆಹಾರದಲ್ಲಿ ಸಸ್ಯಮೂಲದ ಪಾಲು ಹೆಚ್ಚಾಗಿರಬೇಕು. ಈ ಕೊನೆಯ ಮಾತನ್ನು ಉಗ್ರಾದಿತ್ಯರು ಕೇಳಿದ್ದರೆ ಸಂತೋಷಪಡುತ್ತಿದ್ದರು.

ಆ ಒಂದು ಚಮಚದೊಳಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಅಂಗಡಿಯ ಕುರುಕಲು ಎಲ್ಲವೂ ಸೇರಬೇಕು. ಹಪ್ಪಳದ ಖಾರವೂ ಸೋಡಿಯಂ ಕ್ಷಾರವೇ. ವ್ರತದ ಅಡುಗೆಗೆ ಸೈಂಧವ ಲವಣವನ್ನು ಬಳಸುವವರಲ್ಲಿ ಅದು ಉಪ್ಪಲ್ಲವೆಂಬ ಭಾವನೆ ಬೇರೂರಿದೆ. ಸೈಂಧವವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಇನ್ನು 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವ ಪೊಟ್ಟಣಗಳಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ರಕ್ತದೊತ್ತಡ ಮಾತ್ರವಿರುವವರಿಗೆ ಅದು ಒಳ್ಳೆಯದಿರಬಹುದು, ಮೂತ್ರಪಿಂಡ ಸೋತವರಿಗೆ ಪ್ರಾಣಾಪಾಯ. ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಪೊಟ್ಯಾಸಿಯಂ ಎಲ್ಲ ರೋಗಿಗಳಿಗೂ ವರ್ಜ್ಯವಲ್ಲ. ರಕ್ತಪರೀಕ್ಷೆಯಲ್ಲಿ ಹೆಚ್ಚಾಗಿದೆಯೆಂದು ವೈದ್ಯರು ಹೇಳಿದವರಿಗೆ ಮಾತ್ರ ಆ ನಿರ್ಬಂಧ. ಹಾಗೆ ಹೇಳಿದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಅಡುಗೆಮನೆಯಲ್ಲಿ ಏನನ್ನು ಗಮನಿಸಬೇಕೆಂಬುದು ಸ್ವಾರಸ್ಯದ ವಿಷಯ. ಆಲೂಗಡ್ಡೆ, ಗೆಣಸು ಮುಂತಾದ ಕಂದಮೂಲಗಳನ್ನು ಬಿಟ್ಟವರಿಗೆ ಒಂದು ದೊಡ್ಡ ಬಾಗಿಲು ಆಗಲೇ ಮುಚ್ಚಿದೆ. ಸೋರೆ, ಹೀರೆ, ಪಡವಲ, ಎಲೆಕೋಸುಗಳೂ ಮಂಗರಸನ ಮೆಚ್ಚಿನ ಬದನೆಯೂ ಸಾಮಾನ್ಯವಾಗಿ ಸಲ್ಲುತ್ತವೆ. ಸೊಪ್ಪು ಮತ್ತು ಕಾಳಿನಲ್ಲಿ ಪೊಟ್ಯಾಸಿಯಂ ಹೆಚ್ಚು; ಆದರೆ ಅದು ನೀರಿನಲ್ಲಿ ಕರಗಿಹೋಗುವ ಲವಣ. ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಬಹಳಷ್ಟು ಕಟ್ಟಿನಲ್ಲಿಯೇ ಹೋಗುತ್ತದೆ. ಈ ಸೀಮೆಯ ಬಸ್ಸಾರಿನಲ್ಲಿ ನಡೆಯುವುದು ಇದೇ. ಬೆಂದ ಸೊಪ್ಪು-ಕಾಳುಗಳನ್ನು ಬಸಿದು ಪಲ್ಯ ಮಾಡುತ್ತಾರೆ, ಬಸಿದ ಕಟ್ಟನ್ನು ಸಾರು ಮಾಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಶ್ರಾವಕರ ಮನೆಯಲ್ಲಿಯೂ ಇದನ್ನು ಮಾಡಬಹುದು. ರೋಗಿಗೆ ಪಲ್ಯವನ್ನು ಮಿತವಾಗಿ ಬಡಿಸಿ ಸಾರನ್ನು ಉಳಿದವರು ಉಂಡರೆ ಬೇರೆ ಅಡುಗೆಯ ಹೊರೆಯೇ ಇಲ್ಲ. ಮನೆಗಳಲ್ಲಿ ನಡೆಯುವುದು ಇದರ ವಿಪರೀತ: ಕಾಯಿಲೆಯವರಿಗೆ ಹಗುರವೆಂದು ಸಾರನ್ನೇ ಬಡಿಸುತ್ತಾರೆ.

ರಾಗಿಯ ಮಾತೂ ಹೀಗೆಯೇ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮೂರು ಹೊತ್ತೂ ಮುದ್ದೆಯನ್ನೇ ಉಣ್ಣುವ ಹಿರಿಯರುಂಟು. ರಾಗಿಯಲ್ಲಿ ಸುಣ್ಣದ ಅಂಶ ಯಥೇಷ್ಟ. ಪೊಟ್ಯಾಸಿಯಮ್ಮೂ ಅಕ್ಕಿಗಿಂತ ಹಲವು ಪಟ್ಟು ಹೆಚ್ಚು. ರೋಗ ಮುಂದುವರಿದವರಿಗೆ ಅಕ್ಕಿಯ ಅನ್ನವೇ ನಿರಪಾಯವೆನ್ನುವ ಸಂದರ್ಭ ಬರುತ್ತದೆ. ರಂಜಕದ ವಿಷಯದಲ್ಲಿ ಸಸ್ಯಾಹಾರಿಗೆ ಅನುಕೂಲವಿದೆ: ಕಾಳು, ಧಾನ್ಯಗಳಲ್ಲಿನ ರಂಜಕವು ದೇಹಕ್ಕೆ ಪೂರ್ತಿಯಾಗಿ ಸೇರುವುದಿಲ್ಲ. ಕಪ್ಪು ಬಣ್ಣದ ಸೀಸೆಯ ಪಾನೀಯ, ಸಂಸ್ಕರಿಸಿದ ಚೀಸ್ ಮುಂತಾದವಕ್ಕೆ ಕಾರ್ಖಾನೆಯಲ್ಲಿ ಸೇರಿಸಿದ ರಂಜಕ ಮಾತ್ರ ಬಹುತೇಕ ಎಲ್ಲವೂ ರಕ್ತಕ್ಕಿಳಿಯುತ್ತದೆ.

ಹಣ್ಣುಗಳಲ್ಲಿ ದೇವನಹಳ್ಳಿಯ ಚಕ್ಕೋತವನ್ನು ಬೇರೆಯಾಗಿ ಹೇಳಬೇಕು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಊರಿಗೆ ಹೆಸರು ತಂದ ಹಣ್ಣು ಅದು. ಆದರೆ ಮೂತ್ರಪಿಂಡ ಕಸಿ ಮಾಡಿಸಿಕೊಂಡು ಟ್ಯಾಕ್ರೊಲಿಮಸ್‌ನಂಥ ಮಾತ್ರೆ ಸೇವಿಸುವವರಿಗೆ ಚಕ್ಕೋತ ಸಲ್ಲದು. ಅದರಲ್ಲಿನ ಅಂಶಗಳು ಮಾತ್ರೆ ಕರಗಿಹೋಗುವುದನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಕೆಲವು ರಕ್ತದೊತ್ತಡದ ಮಾತ್ರೆಗಳಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಧಾರೆಹುಳಿ ಎನ್ನುವ ಕಮರಾಕ್ಷಿ ಹಣ್ಣಂತೂ ಮೂತ್ರಪಿಂಡ ಸೋತವರಿಗೆ ವಿಷಸಮಾನ. ಬಿಕ್ಕಳಿಕೆಯಿಂದ ತೊಡಗಿ ಪ್ರಜ್ಞೆ ತಪ್ಪುವವರೆಗೂ ಹೋದೀತು. ಸೇಬು, ಅನಾನಸುಗಳನ್ನು ಅಳತೆಯಲ್ಲಿ ತಿನ್ನಬಹುದು.

ನೀರಿನ ವಿಷಯದಲ್ಲಿ ಜನರಲ್ಲಿರುವಷ್ಟು ಗೊಂದಲ ಮತ್ತಾವುದರಲ್ಲಿಯೂ ಇಲ್ಲ. ಮೂತ್ರಕೋಶದ ಕಲ್ಲಿಗೆ ನೀರು ಹೆಚ್ಚು ಕುಡಿಯಬೇಕು. ಆ ಉಪದೇಶವನ್ನೇ ಮೂತ್ರಪಿಂಡ ಸೋಲುತ್ತಿರುವವರಿಗೂ ಕೊಟ್ಟು, ಜೊತೆಗೆ ತಂಪೆಂದು ಎಳನೀರು ಕುಡಿಸುವುದುಂಟು. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಿದೆ. ಆರಂಭದ ಹಂತಗಳಲ್ಲಿ ನೀರಿಗೆ ವಿಶೇಷ ನಿರ್ಬಂಧವಿಲ್ಲ, ಬಾಯಾರಿಕೆಯೇ ಪ್ರಮಾಣ. ಮೂತ್ರ ಕಡಿಮೆಯಾಗಿ ಊತ ಬಂದಮೇಲೆ ಹಿಂದಿನ ದಿನದ ಮೂತ್ರದ ಅಳತೆಗೆ ಅರ್ಧ ಲೀಟರು ಸೇರಿಸಿದಷ್ಟು ದ್ರವವೆಂಬುದು ರೂಢಿಯ ಲೆಕ್ಕ. ನಿಖರವಾದ ಅಳತೆಯನ್ನು ವೈದ್ಯರೇ ಹೇಳಬೇಕು. ಇಲ್ಲಿ ಶ್ರಾವಕರ ಮನೆಯ ಹಳೆಯ ಅಭ್ಯಾಸವೊಂದು ಒದಗಿಬರುತ್ತದೆ. ಸೋಸಿ ಕಾಯಿಸಿದ ಪ್ರಾಸುಕ ಜಲಕ್ಕೆ ಕಾಲದ ಮಿತಿಯಿರುವುದರಿಂದ ದಿನದ ನೀರನ್ನು ದಿನವೇ ಕಾಯಿಸಿಡುತ್ತಾರೆ. ರೋಗಿಯ ಪಾಲನ್ನು ಅಳೆದು ಬೇರೊಂದು ಪಾತ್ರೆಯಲ್ಲಿಟ್ಟು, ಹಾಲು, ಮಜ್ಜಿಗೆ, ಸಾರು ಸೇವಿಸಿದಾಗಲೆಲ್ಲ ಅಷ್ಟು ನೀರನ್ನು ಅದರಿಂದ ತೆಗೆದುಬಿಟ್ಟರೆ ಕಾಗದ-ಲೇಖನಿ ಬೇಕಿಲ್ಲ. ಬಾಯಾರಿಕೆಗೆ ಮಂಜುಗಡ್ಡೆಯ ಚೂರು ಚೀಪಿರೆಂದು ಆಸ್ಪತ್ರೆಗಳಲ್ಲಿ ಹೇಳುತ್ತಾರೆ. ಮಂಜುಗಡ್ಡೆಯನ್ನು ಅಭಕ್ಷ್ಯವೆಂದು ಬಿಟ್ಟವರು ಬಾಯಿ ಮುಕ್ಕಳಿಸಬಹುದು, ಲವಂಗವನ್ನೋ ಏಲಕ್ಕಿಯನ್ನೋ ಬಾಯಲ್ಲಿಡಬಹುದು. ಉಪ್ಪು ಇಳಿದರೆ ಬಾಯಾರಿಕೆಯೂ ಇಳಿಯುತ್ತದೆ.

ಉಪವಾಸವೇ ಹೆಚ್ಚು ಕಷ್ಟದ ಪ್ರಶ್ನೆ. ದಶಲಕ್ಷಣ, ಪರ್ಯೂಷಣ ಪರ್ವಗಳಲ್ಲಿ ನೀರನ್ನೂ ಬಿಟ್ಟು ಉಪವಾಸ ಮಾಡಿದ ಹಿರಿಯರು ಮನೆಗೆ ಗೌರವ. ಆದರೆ ಮೂತ್ರಪಿಂಡ ಆಗಲೇ ಕುಂದಿದವರು, ಅದರಲ್ಲಿಯೂ ಮೂತ್ರವರ್ಧಕ ಮಾತ್ರೆ ನುಂಗುವವರು, ನಿರ್ಜಲ ಉಪವಾಸ ಮಾಡಿದರೆ ಉಳಿದ ಅಲ್ಪಶಕ್ತಿಯೂ ಒಂದೆರಡು ದಿನಗಳಲ್ಲಿ ಕುಸಿಯಬಹುದು. ಇನ್ಸುಲಿನ್ ಪಡೆಯುವವರಿಗೆ ಸಕ್ಕರೆ ಇಳಿದು ಮೂರ್ಛೆ ಬರಬಹುದು. ಪಾರಣೆಯೂ ನಿರಪಾಯವಲ್ಲ. ಎಳನೀರು, ಹಣ್ಣಿನ ರಸ, ಖರ್ಜೂರ, ಒಣದ್ರಾಕ್ಷಿಗಳಿಂದ ಪಾರಣೆ ಮಾಡುವ ಪದ್ಧತಿಯಲ್ಲಿ ಪೊಟ್ಯಾಸಿಯಂ ಒಮ್ಮೆಗೇ ಏರುತ್ತದೆ. ಹಸಿರು ತರಕಾರಿ ಬಿಟ್ಟ ಪರ್ವದಿನಗಳಲ್ಲಿ ಬೇಳೆಕಾಳುಗಳದೇ ಅಡುಗೆಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಸ್ಸು ಎರಡಕ್ಕೂ 'ಶಕ್ತಿತಃ' ಎಂಬ ವಿಶೇಷಣ ಸೇರಿರುವುದನ್ನು ಪ್ರತಿವರ್ಷ ಪೂಜೆಯಲ್ಲಿ ಉಚ್ಚರಿಸುವವರು ಅದರ ಅರ್ಥವನ್ನು ರೋಗಶಯ್ಯೆಯ ಪಕ್ಕದಲ್ಲಿಯೂ ಸ್ಮರಿಸಬೇಕು. ಉಪ್ಪಿಲ್ಲದ ಮಿತಭೋಜನವನ್ನು ದಿನವೂ, ಯಾರ ಪ್ರಶಂಸೆಯೂ ಇಲ್ಲದೆ, ವರ್ಷಾನುಗಟ್ಟಲೆ ನಡೆಸುವವನ ತಪಸ್ಸು ಎಂಟು ದಿನದ ಉಪವಾಸಕ್ಕಿಂತ ಸುಲಭವೇನಲ್ಲ.

ಡಯಾಲಿಸಿಸ್ ಆರಂಭವಾದಮೇಲೆ ಪಥ್ಯವು ದಿಕ್ಕು ಬದಲಿಸುತ್ತದೆ. ಯಂತ್ರವು ಮಲಿನಾಂಶದೊಡನೆ ಸಸಾರಜನಕದ ಘಟಕಗಳನ್ನೂ ಸೆಳೆದುಕೊಳ್ಳುವುದರಿಂದ ರೋಗಿಗೆ ಪ್ರತಿ ಕಿಲೋಗ್ರಾಮಿಗೆ 1ರಿಂದ 1.2 ಗ್ರಾಂ ಸಸಾರಜನಕ ಬೇಕು. 60 ಕಿಲೋ ತೂಕಕ್ಕೆ 60ರಿಂದ 72 ಗ್ರಾಂ. ನಿನ್ನೆಯವರೆಗೆ ಬೇಳೆ ಕಡಿಮೆ ಮಾಡಿ ಎಂದವರು ಇಂದು ಮೊಟ್ಟೆಯ ಬಿಳಿಭಾಗ ತಿನ್ನಿರೆನ್ನುತ್ತಾರೆ. ಜೈನ ಮನೆಗಳಲ್ಲಿ ಕಣ್ಣೀರು ಬರುವುದು ಈ ಘಳಿಗೆಯಲ್ಲಿ. ಪ್ರಾಣ ಉಳಿಯಲೆಂದು ಒಪ್ಪುವವರೂ, ಒಪ್ಪದೆ ಏನನ್ನೂ ತಿನ್ನದೆ ಸೊರಗುವವರೂ ಇದ್ದಾರೆ. ಎರಡೂ ಅನಗತ್ಯ. ನೃಪತುಂಗನ ಸಭೆಯ ವಾದವೇ ಇಲ್ಲಿ ಮರಳಿ ಬಂದಿದೆಯೆನ್ನಬೇಕು. 100 ಗ್ರಾಂ ಹಸಿ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ, ಅಷ್ಟೇ ಪನೀರಿನಲ್ಲಿ ಸುಮಾರು 18 ಗ್ರಾಂ, ಒಂದು ಲೋಟ ಹಾಲಿನಲ್ಲಿ 6 ಗ್ರಾಮಿನಷ್ಟು ಸಸಾರಜನಕವಿದೆ; ಸೋಯಾ ಇದೆ; ಹಾಲಿನಿಂದಲೇ ತೆಗೆದ ಸಸಾರಜನಕದ ಪುಡಿಗಳೂ ದೊರೆಯುತ್ತವೆ. ಹಾಲು-ಪನೀರುಗಳಲ್ಲಿ ರಂಜಕವೂ ಇರುವುದರಿಂದ ಊಟದೊಡನೆ ನುಂಗುವ ರಂಜಕನಿರೋಧಕ ಮಾತ್ರೆಯನ್ನು ತಪ್ಪಿಸಬಾರದು. ಮೊಟ್ಟೆಯಿಲ್ಲದೆ ಪಟ್ಟಿ ಮಾಡಿಕೊಡಿರೆಂದು ಆಹಾರತಜ್ಞರನ್ನು ಮೊದಲ ದಿನವೇ ಕೇಳುವುದು ಸಂಕೋಚದ ವಿಷಯವಲ್ಲ.

ಉಗ್ರಾದಿತ್ಯರಿಗೆ ಎದುರಾಗದಿದ್ದ ಪ್ರಶ್ನೆಯೂ ಒಂದುಂಟು. ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತಯಾರಾಗುತ್ತದೆ. ಹೆಪಾರಿನ್ ಇಲ್ಲದೆ ಡಯಾಲಿಸಿಸ್ ನಡೆಸುವ ವಿಧಾನಗಳಿವೆಯಾದರೂ ಎಲ್ಲರಿಗೂ ಅವು ಹೊಂದುವುದಿಲ್ಲ. ಇದನ್ನು ಮುಚ್ಚಿಡುವುದಕ್ಕಿಂತ ರೋಗಿಗೆ ತಿಳಿಸಿ ವೈದ್ಯರೊಡನೆ ಚರ್ಚಿಸುವುದು ಸತ್ಯವ್ರತಕ್ಕೆ ಹತ್ತಿರ. ತನಗೆ ತಾನೇ ಚಿಕಿತ್ಸೆ ನಿಲ್ಲಿಸುವುದು ಉತ್ತರವಾಗಲಾರದು.

ಹೀಗಿರುವಾಗ ಇದೆಲ್ಲ ಏಕೆ, ಸಲ್ಲೇಖನವಿದೆಯಲ್ಲ ಎನ್ನುವ ವೃದ್ಧರ ಮಾತು ಅಪರೂಪವಲ್ಲ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಉಪಸರ್ಗ, ದುರ್ಭಿಕ್ಷ, ಜರೆ, ರೋಗ ಇವು 'ನಿಷ್ಪ್ರತೀಕಾರ'ವಾದಾಗ, ಎಂದರೆ ಪರಿಹಾರವೇ ಇಲ್ಲದಿರುವಾಗ, ಸಲ್ಲೇಖನವನ್ನು ವಿಧಿಸುತ್ತದೆ. ಆ ಒಂದು ಪದದ ತೂಕ ಕಾಲದೊಡನೆ ಬದಲಾಗಿದೆ. ಸಮಂತಭದ್ರರ ಕಾಲದಲ್ಲಿ ಮೂತ್ರ ನಿಂತ ರೋಗಕ್ಕೆ ಪ್ರತೀಕಾರವಿರಲಿಲ್ಲ. ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ 1943ರಲ್ಲಿ ವಿಲಿಯಂ ಕೋಲ್ಫ್ ಯಂತ್ರವನ್ನು ರಚಿಸಿದ. ಅದರಿಂದ ಮೊದಲ ರೋಗಿ ಬದುಕಿದ್ದು 1945ರಲ್ಲಿ. 1960ರಲ್ಲಿ ಅಮೆರಿಕದ ಸ್ಕ್ರಿಬ್ನರ್ ರಕ್ತನಾಳಕ್ಕೆ ನಳಿಕೆಯನ್ನು ಶಾಶ್ವತವಾಗಿ ಜೋಡಿಸಿದಮೇಲೆ ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. 1971ರಲ್ಲಿ ವೆಲ್ಲೂರಿನಲ್ಲಿ ಭಾರತದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ ನಡೆಯಿತು. ಅತಿ ವೃದ್ಧರಾಗಿ ಇತರ ರೋಗಗಳಿಂದಲೂ ಜರ್ಜರಿತರಾದವರು ಯಂತ್ರ ಬೇಡವೆಂದು, ನೋವು-ಉಬ್ಬಸಗಳಿಗಷ್ಟೇ ಚಿಕಿತ್ಸೆ ಪಡೆಯುವುದನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಐವತ್ತರ ಗೃಹಸ್ಥನು ಖರ್ಚಿಗೋ ಬೇಸರಕ್ಕೋ ಅನ್ನ ಬಿಟ್ಟರೆ ಅದಕ್ಕೆ ಆ ಪವಿತ್ರ ಹೆಸರನ್ನು ಕೊಡುವುದು ಸರಿಯಲ್ಲ.

ಖರ್ಚಿನ ಮಾತು ಬಂದುದರಿಂದ ಬಸದಿಗಳ ಆಡಳಿತ ಮಂಡಳಿಗಳನ್ನೂ ಉದ್ದೇಶಿಸಿ ಹೇಳಬೇಕಾದುದುಂಟು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳವರೆಗೂ ಈ ಸೌಲಭ್ಯ ಹರಡಿದೆ. ವಾರಕ್ಕೆ ಎರಡು-ಮೂರು ಬಾರಿ, ಪ್ರತಿಸಲ ಸುಮಾರು ನಾಲ್ಕು ಗಂಟೆ. ಯಂತ್ರ ಉಚಿತವಾದರೂ ಹಳ್ಳಿಯಿಂದ ಹೋಗಿಬರುವ ವಾಹನ, ಜೊತೆಗೆ ಬರುವವರ ದಿನಗೂಲಿ, ಮಧ್ಯಾಹ್ನದ ಊಟ ಉಚಿತವಲ್ಲ. ಬಸದಿಯ ಭೋಜನಶಾಲೆಯಲ್ಲಿ ಸಾರು-ಪಲ್ಯಗಳಿಗೆ ಉಪ್ಪು ಬೆರೆಸುವ ಮೊದಲೇ ಒಂದು ಪಾತ್ರೆಯಷ್ಟನ್ನು ತೆಗೆದಿಟ್ಟು, ಉಪ್ಪಿಲ್ಲದ ಪಂಕ್ತಿಯೊಂದನ್ನು ಬಡಿಸಲು ಹೆಚ್ಚು ವೆಚ್ಚವಾಗದು. ರಸತ್ಯಾಗ ಮಾಡಿದವರೂ ರೋಗಿಗಳೂ ಒಂದೇ ಸಾಲಿನಲ್ಲಿ ಕುಳಿತುಣ್ಣಬಹುದು. ರಾತ್ರಿಭೋಜನ ತ್ಯಾಗ ಮಾಡಿದ ರೋಗಿಯ ಸರದಿ ಸಂಜೆಗೆ ಬಿದ್ದರೆ, ಆತ ಮನೆ ಸೇರುವಷ್ಟರಲ್ಲಿ ಸೂರ್ಯಾಸ್ತವಾಗಿ, ಸಸಾರಜನಕ ಅತ್ಯಗತ್ಯವಾದ ದಿನವೇ ಹಸಿದು ಮಲಗುತ್ತಾನೆ. ಟ್ರಸ್ಟಿನ ಹಿರಿಯರೊಬ್ಬರು ಡಯಾಲಿಸಿಸ್ ಕೇಂದ್ರದವರಲ್ಲಿ ವಿನಂತಿಸಿ ಬೆಳಗಿನ ಸರದಿಯನ್ನು ಕೊಡಿಸಲು ಯತ್ನಿಸಬಹುದು. ಅದು ಸಾಧ್ಯವಾಗದಿದ್ದರೆ ಹೊರಡುವ ಮೊದಲೇ ಹೆಸರುಬೇಳೆ, ಮೊಸರನ್ನದ ಊಟವನ್ನು ಮುಗಿಸಿ ಕಳುಹಿಸುವ ವ್ಯವಸ್ಥೆ ಮಾಡಬಹುದು.